ನವಮಿ ಮಧ್ಯಾಹ್ನದ ಅಪ್‌ಡೇಟ್

ದೀಪ್ತಿ ಬಂದ ಮೇಲೆ ವೆಂಕಟಗಿರಿಯ ಫೋನ್ ರಿಂಗಾಗುವುದು ನಿಂತುಹೋಯಿತು. ಅವನಿಗೆ ಆದ ಅನ್ಯಾಯ ಇಷ್ಟೇ. ಪೊಲೀಸರ ಮುಂದೆ ಹೇಳುವಂಥದ್ದಲ್ಲ. ಪಕ್ಕದ ಮನೆಯವರಿಗೆ ಹೇಳಿದರೆ, ಫೋನ್ ಕಾಟ ತಪ್ಪಿದರೆ ಒಳ್ಳೆಯದೇ ಅಲ್ಲವೇ ಎಂದು ನಗುತ್ತಾರೆ. ಹಾಗೆ ನಗುವವರ ಮನೆಯಲ್ಲಿ ಮಾತಾಡಲು ಜನ ಇರುತ್ತಾರೆ ಎಂಬುದು ವೆಂಕಟಗಿರಿಗೆ ಗೊತ್ತಿತ್ತು. ಅದಕ್ಕೇ ಅವನು ಯಾರಿಗೂ ಹೇಳಲಿಲ್ಲ.

ಬಸವೇಶ್ವರನಗರದ ಒಂದು ಅಡ್ಡರಸ್ತೆಯಲ್ಲಿ ಗಿರಿಜಾದೇವಿಯವರ ಪುಸ್ತಕ ಪ್ರಕಾಶನವಿತ್ತು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದ ಮೇಲೆ ಮೇಡಂ ತಮ್ಮ ಮನೆಯ ಕೆಳಗಿನ ಅಂತಸ್ತಿನಲ್ಲೇ ಅದನ್ನು ಶುರು ಮಾಡಿದ್ದರು. ಮಕ್ಕಳ ವ್ಯಾಕರಣ, ಪ್ರಬಂಧಗಳು, ಪರೀಕ್ಷೆಯ ಗೈಡುಗಳು ಅಲ್ಲಿಂದ ಹೊರಡುತ್ತಿದ್ದವು. ಟೈಪ್ ಮಾಡುವವರು, ಕರಡು ತಿದ್ದುವವರು, ಚಿತ್ರ ಬರೆಯುವವರು ಎಲ್ಲರೂ ಅವರವರ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದರು. ಅವರೆಲ್ಲರ ಪುಟಗಳು ಬಂದು ಸೇರುತ್ತಿದ್ದುದು ಮೇಡಂ ಮನೆಯ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿದ್ದ ಒಂದು ಕಂಪ್ಯೂಟರಿಗೆ. ಎಲ್ಲರೂ ಅದನ್ನು ಸರ್ವರ್ ಎನ್ನುತ್ತಿದ್ದರು. ದೊಡ್ಡ ಕಂಪನಿಗಳ ಕಂಪ್ಯೂಟರಿನಲ್ಲಿ ಜಾಗ ಬಾಡಿಗೆ ಹಿಡಿಯಲು ಮೇಡಂ ಒಪ್ಪಿರಲಿಲ್ಲ. ಆದ್ದರಿಂದ ವೆಂಕಟಗಿರಿಯೇ ಆ ಯಂತ್ರವನ್ನು ಜೋಡಿಸಿ, ಫೈಲುಗಳನ್ನು ಹಂಚಿಕೊಳ್ಳುವ ತಂತ್ರಾಂಶ ಹಾಕಿಕೊಟ್ಟಿದ್ದ. ಅಂದಿನಿಂದ ಅದರ ಯೋಗಕ್ಷೇಮ ಅವನದೇ. ಉಲ್ಲಾಳದಲ್ಲಿ ಹನುಮಯ್ಯನವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಅವನು ಅಲ್ಲಿಂದಲೇ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ. ಬಸವೇಶ್ವರನಗರಕ್ಕೆ ಹೋಗುತ್ತಿದ್ದುದು ಅಪರೂಪ.

ಸರ್ವರ್ ನಿಂತರೆ ತಾನಾಗಿ ಎಚ್ಚರಿಕೆ ಬರುವಂಥ ಏರ್ಪಾಟನ್ನು ಬೇರೊಂದು ಕಂಪ್ಯೂಟರಿನಿಂದ ಮಾಡಬಹುದಿತ್ತು. ವೆಂಕಟಗಿರಿ ಅದನ್ನು ಬೇಕೆಂದೇ ಹಾಕಿರಲಿಲ್ಲ. ನಿಂತರೆ ಜನ ಫೋನ್ ಮಾಡುತ್ತಿದ್ದರು, ಅವನಿಗೆ ಬೇಕಾಗಿದ್ದದ್ದು ಅದೇ. ಮಾರೇನಹಳ್ಳಿಯಿಂದ ಟೈಪಿಂಗ್ ಮಾಡುವ ಜಲಜಾ, "ವೆಂಕಟಗಿರಿ ಸಾರ್, ಮತ್ತೆ ಕೈ ಕೊಡ್ತು ನೋಡಿ ನಿಮ್ಮ ಸರ್ವರ್ರು!" ಎಂದು ಶುರು ಮಾಡುತ್ತಿದ್ದಳು. ಕ್ಷಣದಲ್ಲಿ ಮುಗಿಯುವ ಕೆಲಸವಾದರೂ ಅವನು, "ಸ್ವಲ್ಪ ಲೈನಲ್ಲೇ ಇರಮ್ಮ, ನೋಡ್ತೀನಿ" ಎನ್ನುತ್ತಿದ್ದ. ಆ ಸ್ವಲ್ಪ ಹೊತ್ತಿನಲ್ಲಿ ಅವಳ ಮಗಳ ಪರೀಕ್ಷೆ, ಅತ್ತೆಯ ಮಂಡಿನೋವು, ಅವತ್ತಿನ ಸಾರು ಎಲ್ಲ ಬಂದುಹೋಗುತ್ತಿದ್ದವು. ಹಿಂದಿನಿಂದ ಕುಕ್ಕರ್ ಕೂಗುವುದು ಕೇಳಿಸುತ್ತಿತ್ತು. ಸರಿಯಾಯಿತು ಎಂದು ಅವನು ಹೇಳಿದಾಗ ಜಲಜಾ, "ನೀವಿಲ್ದೇ ಹೋದ್ರೆ ನಮ್ ಗತಿ ಏನ್ ಸಾರ್" ಎನ್ನುತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ಅವನ ಹೆಸರು ಹಿಡಿದು ಕರೆಯುವವರು ಹೀಗೆ ಫೋನ್ ಮಾಡುವವರಷ್ಟೇ ಉಳಿದಿದ್ದರು. ಮದುವೆಯ ಮಾತು ಎಂದೋ ತಪ್ಪಿಹೋಗಿತ್ತು, ಈಗ ಅದನ್ನು ಕೇಳುವವರೂ ಇರಲಿಲ್ಲ.

ಮೇಡಂ ದೀಪ್ತಿಯನ್ನು ಕರೆತಂದದ್ದು ಯುಗಾದಿ ಕಳೆದ ಮೇಲೆ. ಕಲಿತ ಹುಡುಗಿ, ವಿಜಯನಗರದಲ್ಲಿ ಒಂದು ರೂಮು ಮಾಡಿಕೊಂಡಿದ್ದಳು. ಬಂದವಳೇ ಎಲ್ಲವನ್ನೂ ಕ್ರಮಕ್ಕೆ ತಂದಳು. ವೆಂಕಟಗಿರಿ ತಂತ್ರಾಂಶದ ಹೊಸ ಆವೃತ್ತಿಗಳನ್ನು ಹಾಕದೆ ವರ್ಷಗಟ್ಟಲೆ ಮುಂದೂಡಿದ್ದ. ಹಳೆಯದಿದ್ದಷ್ಟೂ ಅದು ಕೈಕೊಡುತ್ತಿತ್ತು, ಕೈಕೊಟ್ಟಷ್ಟೂ ಫೋನ್ ಬರುತ್ತಿತ್ತು. ದೀಪ್ತಿ ಒಂದು ಶನಿವಾರ ಕೂತು ಆವೃತ್ತಿಗಳನ್ನು ಒಂದಾದ ಮೇಲೊಂದರಂತೆ ಏರಿಸಿದಳು. ಎಷ್ಟು ಚೆನ್ನಾಗಿ ಮಾಡಿದಳೆಂದರೆ ಅದಾದ ಮೇಲೆ ಸರ್ವರ್ ಒಮ್ಮೆಯೂ ನಿಲ್ಲಲಿಲ್ಲ.

ನಿಲ್ಲದ್ದರಿಂದ ಯಾರೂ ಕರೆ ಮಾಡಲಿಲ್ಲ. ಆಷಾಢ ಕಳೆಯಿತು, ಗೌರಿ ಗಣೇಶನ ಹಬ್ಬವೂ ಕಳೆಯಿತು. ವೆಂಕಟಗಿರಿ ಫೋನನ್ನು ಅಡುಗೆಮನೆಗೆ ಹೋಗುವಾಗ ಅಡುಗೆಮನೆಗೆ, ಸ್ನಾನಕ್ಕೆ ಹೋಗುವಾಗ ಬಚ್ಚಲಿನ ಬಾಗಿಲವರೆಗೆ ಒಯ್ದ. ಕೆಟ್ಟಿರಬಹುದೇನೋ ಎಂದು ಒಂದು ದಿನ ಕೆಳಗಿನ ಮನೆಯ ಹನುಮಯ್ಯನವರಿಗೆ ಹೇಳಿ ಅವರ ಫೋನಿನಿಂದ ಮಾಡಿಸಿ ನೋಡಿದ. ಚೆನ್ನಾಗಿಯೇ ರಿಂಗಾಯಿತು. ಅವತ್ತು ಅವನಿಗೆ ನಿಜಕ್ಕೂ ಅಳು ಬಂತು.

ಮಹಾಲಯ ಅಮಾವಾಸ್ಯೆ ಹತ್ತಿರವಿದ್ದಾಗ ಕೊನೆಗೂ ಒಂದು ಕರೆ ಬಂತು. ಮೇಡಂ ಮಾಡಿದ್ದರು.

"ವೆಂಕಟಗಿರಿಯವರೇ, ದೀಪ್ತಿ ಎಲ್ಲಾ ಚೆನ್ನಾಗಿ ಕಲ್ತುಕೊಂಡಿದಾಳೆ. ದೀಪಾವಳಿವರೆಗೆ ಜೊತೇಲಿದ್ದು ಎಲ್ಲಾ ಅವಳಿಗೆ ಒಪ್ಪಿಸ್ಬಿಡಿ. ಆಮೇಲೆ ನೀವು ಆರಾಮಾಗಿರಿ. ಎಷ್ಟು ದಿನ ಅಂತ ಒದ್ದಾಡ್ತೀರಿ?"

"ಆಗ್ಲಿ ಮೇಡಂ" ಎಂದ ಅವನು. ಆರಾಮ ಎಂದರೆ ಏನೆಂದು ಮೇಡಂಗೆ ಗೊತ್ತಿಲ್ಲ ಎನಿಸಿತು. ಆರು ತಿಂಗಳಿಂದ ಅವನು ಅದನ್ನೇ ಅನುಭವಿಸುತ್ತಿದ್ದ. ಫೋನಿಟ್ಟ ಮೇಲೆ ಒಲೆಯ ಮೇಲಿದ್ದ ಅನ್ನ ಸೀದುಹೋಗುವವರೆಗೂ ಅಲ್ಲೇ ನಿಂತಿದ್ದ. ಯೋಚನೆ ಹುಟ್ಟಿದ್ದು ಆಗಲೇ.

ಯಾರಿಗೂ ನಷ್ಟವಾಗಬಾರದು ಎಂಬುದನ್ನು ಅವನು ಮೊದಲೇ ತೀರ್ಮಾನಿಸಿಕೊಂಡ. ತಾನು ಕಳ್ಳನಲ್ಲ, ಪುಸ್ತಕ ಹಾಳು ಮಾಡುವ ಪಾಪಿಯೂ ಅಲ್ಲ. ಸರ್ವರ್ ಕೆಡಬೇಕು, ದೀಪ್ತಿಯ ಕೈಯಿಂದ ಕೆಟ್ಟಂತೆ ಕಾಣಬೇಕು, ಅವಳಿಂದ ಸರಿಪಡಿಸಲು ಆಗಬಾರದು. ಆಮೇಲೆ ಎಲ್ಲರೂ ಅವನಿಗೆ ಫೋನ್ ಮಾಡಬೇಕು. ಅವನು ಹೋಗಿ, ಮೊದಲೇ ತೆಗೆದಿಟ್ಟುಕೊಂಡ ಪ್ರತಿಯಿಂದ ಎಲ್ಲವನ್ನೂ ಹಾಗೆಯೇ ಮರಳಿ ಕೂರಿಸಬೇಕು. ಒಂದು ಪುಟವೂ ಕಳೆಯಬಾರದು. ಹೋಗುವುದು ದೀಪ್ತಿಯ ಕೆಲಸ ಒಂದೇ. ಅವಳಿಗೇನು, ಚಿಕ್ಕ ವಯಸ್ಸು, ಬೆಂಗಳೂರಿನ ತುಂಬ ಕಂಪನಿಗಳಿವೆ. ಇಷ್ಟು ಹೇಳಿಕೊಂಡ ಮೇಲೆ ಮನಸ್ಸು ಹಗುರಾಯಿತು.

ಅಪ್‌ಡೇಟು ಎಂಬುದು ಅಪರಾಧಕ್ಕೆ ಹೇಳಿ ಮಾಡಿಸಿದ್ದು ಎಂದು ಅವನಿಗೆ ಈ ಮೊದಲು ಹೊಳೆದಿರಲಿಲ್ಲ. ಕೆಟ್ಟುಹೋದ ಅಪ್‌ಡೇಟನ್ನು ಯಾರೂ ಅನುಮಾನಿಸುವುದಿಲ್ಲ, ಅವಸರ ಮಾಡಿದವರನ್ನು ಬಯ್ಯುತ್ತಾರೆ ಅಷ್ಟೆ. ಸುರಕ್ಷಿತವಾಗಿ ಮಾಡುವ ಕ್ರಮ ಅವನಿಗೆ ಬಾಯಿಪಾಠವಾಗಿತ್ತು. ಮೊದಲು ಎಲ್ಲದರ ಪ್ರತಿ ತೆಗೆಯಬೇಕು: ಫೈಲುಗಳದ್ದು ಮಾತ್ರವಲ್ಲ, ಯಾವ ಫೈಲು ಯಾರದು, ಎಲ್ಲಿದೆ ಎಂದು ನೆನಪಿಟ್ಟುಕೊಳ್ಳುವ ದತ್ತಾಂಶದ್ದೂ. ಆಮೇಲೆ ಬಾಗಿಲು ಮುಚ್ಚಬೇಕು, ಅಂದರೆ ಕೆಲಸ ಮುಗಿಯುವವರೆಗೆ ಯಾರೂ ಒಳಗೆ ಬಾರದಂತೆ ತಡೆಯಬೇಕು. ದೊಡ್ಡ ಆವೃತ್ತಿಗಳನ್ನು ಒಂದೊಂದಾಗಿಯೇ ಹತ್ತಬೇಕು, ಯಾವುದನ್ನೂ ಹಾರಬಾರದು. ಕೊನೆಗೆ ಎಲ್ಲ ಸರಿಯಿದೆಯೇ ಎಂದು ನೋಡಿಯೇ ಬಾಗಿಲು ತೆಗೆಯಬೇಕು. ಇಷ್ಟನ್ನೂ ತಲೆಕೆಳಗು ಮಾಡಿದರೆ ಅವನ ಯೋಜನೆ ಸಿದ್ಧವಾಗುತ್ತಿತ್ತು. ಪ್ರತಿ ತೆಗೆಯದೆ, ಬಾಗಿಲು ಮುಚ್ಚದೆ, ದೀಪ್ತಿಯ ಖಾತೆಯಿಂದ ಒಳಹೊಕ್ಕು ಒಂದು ಆವೃತ್ತಿ ಹಾರಿಸಿ ಮುಂದಿನದನ್ನು ಹೇರಿ, ಅರ್ಧ ದಾರಿಯಲ್ಲಿ ನಿಲ್ಲಿಸಿಬಿಟ್ಟರೆ ಸಾಕು. ಫೈಲುಗಳು ಒಳಗೇ ಇರುತ್ತವೆ, ಆದರೆ ಯಾವುದು ಏನೆಂದು ಸರ್ವರಿಗೇ ಗೊತ್ತಿರುವುದಿಲ್ಲ.

ಎಲ್ಲವನ್ನೂ ಒಪ್ಪಿಸುವ ನೆಪದಲ್ಲಿ ಅವನು ಕೆಲವು ಮಧ್ಯಾಹ್ನ ಬಸವೇಶ್ವರನಗರಕ್ಕೆ ಹೋದ. ದೀಪ್ತಿ ಕುರ್ಚಿ ಎಳೆದುಕೊಟ್ಟು, ಕಾಫಿ ತಂದುಕೊಟ್ಟು, ಅವನು ಹೇಳಿದ್ದನ್ನೆಲ್ಲ ಶ್ರದ್ಧೆಯಿಂದ ಕೇಳಿದಳು. ದಿನಾ ರಾತ್ರಿ ಇಡೀ ಸರ್ವರಿನ ಪ್ರತಿ ಪಕ್ಕದ ಡಿಸ್ಕಿಗೆ ಹೋಗುವಂತೆ ಮಾಡಿದ್ದನ್ನು ತೋರಿಸಿದಳು.

"ಇನ್ನೊಂದು ಕಾಪಿ ಬೇರೆ ಜಾಗದಲ್ಲಿ ಇರ್ಬೇಕು ಸಾರ್. ಇದೇ ಮನೇಲಿ ಎರಡೂ ಇದ್ರೆ ಏನ್ ಉಪಯೋಗ? ದೀಪಾವಳಿ ಒಳಗೆ ಮಾಡ್ಬಿಡ್ತೀನಿ."

"ನಿಧಾನಕ್ಕೆ ಮಾಡಮ್ಮ, ಅವಸರ ಏನಿದೆ" ಎಂದ ವೆಂಕಟಗಿರಿ. ಅವಳು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಅವನ ಕೆಲಸ ದೀಪಾವಳಿಗೆ ಮುಂಚೆ ಮುಗಿಯಬೇಕಾಗಿತ್ತು.

"ಹಬ್ಬಕ್ಕೆ ಊರಿಗೆ ಹೋಗ್ತೀರಾ ಸಾರ್?" ಎಂದು ಅವಳು ಕೇಳಿದಳು.

"ಇಲ್ಲ. ನೀನು?"

"ಅಪ್ಪ ಅಮ್ಮ ಅಕ್ಕನ ಮನೆಗೆ ಹೋಗ್ತಾರೆ. ನಾನು ನವಮಿ ದಿನ ರೂಮಲ್ಲೇ ಬಿದ್ಕೊಂಡಿರ್ತೀನಿ. ದಶಮಿಗೆ ಫ್ರೆಂಡ್ ನಿಶ್ಚಿತಾರ್ಥ ಇದೆ ಹಾಸನದಲ್ಲಿ, ಬೆಳಿಗ್ಗೆನೇ ಹೊರಟ್ಬಿಡ್ತೀವಿ. ಲ್ಯಾಪ್‌ಟಾಪ್ ತಗೊಂಡ್ ಬಂದ್ರೆ ಒದೀತೀವಿ ಅಂದಿದಾರೆ ಸಾರ್ ಅವರೆಲ್ಲ." ಅವಳು ನಕ್ಕಳು. ಆಮೇಲೆ, "ನವಮಿ ದಿನ ನಿಮಗೂ ಬೇಜಾರಾದ್ರೆ ಫೋನ್ ಮಾಡಿ ಸಾರ್" ಎಂದಳು.

ಬಸ್ಸಿನಲ್ಲಿ ವಾಪಸು ಬರುವಾಗ ಅವನು ಆ ಮಾತನ್ನು ಮನಸ್ಸಿನಿಂದ ತೆಗೆದುಹಾಕಲು ಬಹಳ ಪ್ರಯತ್ನಪಟ್ಟ. ಸುಮ್ಮನೆ ಬಾಯಿಮಾತಿಗೆ ಅಂದದ್ದು, ಅಷ್ಟೇ ಎಂದುಕೊಂಡ. ಮಲ್ಲತ್ತಹಳ್ಳಿ ಕೆರೆ ದಾಟುವ ಹೊತ್ತಿಗೆ ಆ ಮಾತಿನಲ್ಲಿ ಉಪಯೋಗಕ್ಕೆ ಬರುವುದಷ್ಟೇ ಉಳಿದಿತ್ತು. ನವಮಿಯ ದಿನ ದೀಪ್ತಿ ಒಬ್ಬಳೇ ರೂಮಿನಲ್ಲಿರುತ್ತಾಳೆ. ಏನು ಮಾಡುತ್ತಿದ್ದಳೆಂದು ಹೇಳಲು ಒಬ್ಬ ಸಾಕ್ಷಿಯೂ ಇರುವುದಿಲ್ಲ. ದಶಮಿಯ ದಿನ ಅವಳು ಕಂಪ್ಯೂಟರ್ ಮುಟ್ಟುವುದಿಲ್ಲ, ಅಂದರೆ ಅವನ ಕೆಲಸದ ಮಧ್ಯೆ ಅವಳು ಅಕಸ್ಮಾತ್ತಾಗಿ ಬಂದು ನೋಡುವ ಭಯವಿಲ್ಲ. ಎರಡೂ ದಿನ ಆಫೀಸಿಗೆ ರಜೆ, ಟೈಪಿಂಗಿನವರಿಗೂ ರಜೆ.

ಹಾಗಾದರೆ ಕೆಲಸ ನಡೆಯುವುದು ದಶಮಿಯಂದು, ದಾಖಲಾಗುವುದು ನವಮಿಯಂದು. ಈ ಭಾಗ ಅವನಿಗೆ ತುಂಬ ಹಿಡಿಸಿತು. ಸರ್ವರಿಗೆ ತಾರೀಕು ತಿಳಿಯುವುದು ಅದರೊಳಗಿನ ಗಡಿಯಾರದಿಂದ. ಆ ಗಡಿಯಾರವನ್ನು ಒಂದು ದಿನ ಹಿಂದಕ್ಕೆ ತಿರುಗಿಸಿದರೆ, ದೀಪ್ತಿಯ ಹೆಸರಿನಲ್ಲಿ ಏನು ನಡೆದರೂ ಅದು ನವಮಿಯದೇ ಎಂದು ಸರ್ವರ್ ತನ್ನ ಕೈಯಾರೆ ಬರೆದುಕೊಳ್ಳುತ್ತದೆ. ಅವನು ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ. ದೀಪ್ತಿಯ ಖಾತೆ ತೆರೆದುಕೊಟ್ಟವನೇ ಅವನು, ಯಾರ ಖಾತೆಗಾದರೂ ನುಗ್ಗಬಲ್ಲ ಮೇಲಧಿಕಾರ ಇನ್ನೂ ಅವನ ಕೈಯಲ್ಲಿತ್ತು. ಹೊರಗಿನಿಂದ ಬರುವವರೆಲ್ಲ ಒಂದೇ ದ್ವಾರದಿಂದ ಬರಬೇಕಾದ್ದರಿಂದ ಬಂದದ್ದು ವಿಜಯನಗರದಿಂದಲೋ ಉಲ್ಲಾಳದಿಂದಲೋ ಎಂದು ಗೊತ್ತಾಗುವಂತಿರಲಿಲ್ಲ.

ನವಮಿಯ ದಿನ ವೆಂಕಟಗಿರಿ ಎಲ್ಲರಿಗೂ ಕಾಣುವಂತೆ ಬದುಕಿದ. ಬೆಳಿಗ್ಗೆಯೇ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಕೆಳಗಿಳಿದ. ಹನುಮಯ್ಯನವರದು ಉಲ್ಲಾಳದ ಹಳೆಯ ಒಕ್ಕಲು ಮನೆತನ. ಹೊಲವಿದ್ದ ಜಾಗದಲ್ಲೆಲ್ಲ ಈಗ ಲೇಔಟುಗಳಾಗಿವೆ. ಬಾಡಿಗೆ ಮನೆಗಳ ಜೊತೆಗೆ ಎರಡು ಗೂಡ್ಸ್ ಟೆಂಪೋ ಇಟ್ಟುಕೊಂಡಿದ್ದರು. ಟೆಂಪೋಗಳಿಗೆ ಬಾಳೆಕಂದು ಕಟ್ಟುವಾಗ ಅವನು ದಾರ ಹಿಡಿದುಕೊಂಡು ನಿಂತ. ನಿಂಬೆಹಣ್ಣು ತುಳಿಸಿಕೊಂಡು ಟೆಂಪೋ ಬೀದಿಯ ಕೊನೆಯವರೆಗೆ ಹೋಗಿಬರುವಾಗ ಮುಂದಿನ ಸೀಟಿನಲ್ಲಿ ಕೂತ. ಯಾರು ಫೋಟೋ ತೆಗೆದರೂ ಪಕ್ಕದಲ್ಲಿ ಹೋಗಿ ನಿಂತ.

"ಏನ್ ಸಾಮಿ, ಇವತ್ತು ಭಾಳ ಖುಷಿಲಿದೀರಾ!" ಎಂದರು ಹನುಮಯ್ಯ. "ಇಷ್ಟ್ ವರ್ಷದಲ್ಲಿ ಒಂದ್ ಹಬ್ಬಕ್ಕಾದ್ರೂ ಕೆಳಕ್ಕೆ ಬಂದೋರಲ್ಲ ನೀವು. ಊಟಕ್ಕೂ ಇಲ್ಲೇ ಕೂತ್ಕಳಿ, ಎಲೆ ಹಾಕ್ಸಿದೀನಿ."

ಅವರ ಮನೆಯ ಪಡಸಾಲೆಯಲ್ಲಿ ಸಾಲಾಗಿ ಕೂತು ಅವನು ಕೋಸಂಬರಿ, ಚಿತ್ರಾನ್ನ, ಹೋಳಿಗೆ ಉಂಡ. ಬಡಿಸುವವರು ಬೇಡವೆಂದರೂ ಎಲೆಗೆ ತುಪ್ಪ ಹಾಕಿದರು. ಒಂದು ಪುಟ್ಟ ಮಗು ಅವನ ಶರಟಿಗೆ ಹೋಳಿಗೆಯ ಕೈ ಒರೆಸಿತು. ಅವನಿಗೆ ಸಂತೋಷವಾಯಿತು. ಸಂತೋಷವಾದದ್ದಕ್ಕೆ ನಾಚಿಕೆಯೂ ಆಯಿತು, ಏಕೆಂದರೆ ಅವನು ಬಂದದ್ದು ಊಟಕ್ಕಲ್ಲ, ಸಾಕ್ಷಿಗೆ. ಹಿಂದೆಲ್ಲ ಕರೆದಾಗಲೂ ಬರಬಹುದಾಗಿತ್ತು ಎಂದು ಒಂದು ಗಳಿಗೆ ಅನಿಸಿತು. ಆ ಇಡೀ ದಿನ ಅವನು ಸರ್ವರಿನ ಕಡೆ ತಲೆ ಹಾಕಲಿಲ್ಲ. ಮುಟ್ಟದೇ ಇದ್ದರೆ ಗುರುತೂ ಇರುವುದಿಲ್ಲ ಎಂಬುದು ಅವನ ಲೆಕ್ಕವಾಗಿತ್ತು.

ದಶಮಿಯ ಮಧ್ಯಾಹ್ನ ಬೀದಿಯಲ್ಲಿ ಸದ್ದಿರಲಿಲ್ಲ. ಕೆಳಗಿನವರೆಲ್ಲ ನೆಂಟರ ಮನೆಗೆ ಹೋಗಿದ್ದರು. ವೆಂಕಟಗಿರಿ ಕಿಟಕಿಯ ಪರದೆ ಎಳೆಯಲಿಲ್ಲ, ಬಾಗಿಲಿಗೆ ಅಗಳಿಯನ್ನೂ ಹಾಕಲಿಲ್ಲ. ಕಳ್ಳನಂತೆ ಕೂರಲು ಅವನಿಗೆ ಇಷ್ಟವಿರಲಿಲ್ಲ. ಹಬ್ಬಕ್ಕೆ ಮುಂಚಿನ ಕೊನೆಯ ಕೆಲಸದ ದಿನ ಎಲ್ಲರೂ ಕೆಲಸ ಮುಗಿಸಿದ ಮೇಲೆ ಇಡೀ ಸರ್ವರಿನ ಪೂರ್ತಿ ಪ್ರತಿಯನ್ನು ತನ್ನ ಡಿಸ್ಕಿಗೆ ಇಳಿಸಿಕೊಂಡಿದ್ದ. ಅದನ್ನು ಇನ್ನೊಮ್ಮೆ ತೆರೆದು ನೋಡಿದ. ಹತ್ತನೇ ತರಗತಿಯ ವ್ಯಾಕರಣ, ಜಲಜಾ ಅರ್ಧ ಮುಗಿಸಿದ ಪ್ರಬಂಧಗಳು, ಚಿತ್ರಗಳು, ಎಲ್ಲವೂ ಇದ್ದವು.

ಸರ್ವರಿನೊಳಗೆ ಹೋದ. ಯಾರೂ ಇರಲಿಲ್ಲ. ಗಡಿಯಾರವನ್ನು ಒಂದು ದಿನ ಹಿಂದಕ್ಕೆ ತಿರುಗಿಸಿದ. ದೀಪ್ತಿಯಾಗಿ ಒಳಗೆ ಬಂದ. ಅವಳು ಎಂದೂ ಮಾಡದ ತಪ್ಪುಗಳನ್ನು ಅವಳ ಹೆಸರಿನಲ್ಲಿ ಒಂದೊಂದಾಗಿ ಮಾಡಿದ. ಹೊಸ ತಂತ್ರಾಂಶ ದತ್ತಾಂಶವನ್ನು ಬದಲಾಯಿಸುತ್ತ ಅರ್ಧಕ್ಕೆ ಬಂದಾಗ ಕತ್ತು ಹಿಸುಕಿದಂತೆ ನಿಲ್ಲಿಸಿದ. ಪರದೆಯ ತುಂಬ ಕೆಂಪು ಸಾಲುಗಳು ಬಂದವು. ಆಮೇಲೆ, ಹಾಳಾದ ಸರ್ವರಿನ ಪ್ರತಿಯನ್ನೇ ಪಕ್ಕದ ಡಿಸ್ಕಿಗೆ ಕಳಿಸಿ ದೀಪ್ತಿಯ ಒಳ್ಳೆಯ ಪ್ರತಿಯ ಮೇಲೆ ಹೇರಿದ. ದಿನಾ ರಾತ್ರಿ ತಾನಾಗಿ ನಡೆಯುವ ಕೆಲಸವೇ ಹಾಗೆ ಮಾಡಿತೆಂದು ಯಾರಾದರೂ ನಂಬುತ್ತಾರೆ.

ಉಳಿದದ್ದು ಯಂತ್ರ ತನ್ನ ಪಾಡಿಗೆ ಬರೆದುಕೊಳ್ಳುವ ದಿನಚರಿ. ಅದರಲ್ಲಿ ಗಡಿಯಾರ ತಿರುಗಿಸಿದ ಗುರುತು ಇರುತ್ತದೆ. ಆ ಸಾಲುಗಳನ್ನು ಹುಡುಕುತ್ತ ಕೂರುವ ಬದಲು ಹಬ್ಬದ ದಿನಗಳದ್ದನ್ನೆಲ್ಲ ಓದದೇ ಒಟ್ಟಿಗೆ ಅಳಿಸಿದ. ಕೆಟ್ಟ ಅಪ್‌ಡೇಟಿನಲ್ಲಿ ಅಂಥವು ಹೋಗುವುದುಂಟು. ಯಾರು ಯಾವಾಗ ಬಂದರು ಎಂಬ ತಂತ್ರಾಂಶದ ದಾಖಲೆಯನ್ನು ಮಾತ್ರ ಮುಟ್ಟದೆ ಉಳಿಸಿದ. ಗಡಿಯಾರವನ್ನು ಸರಿಪಡಿಸಿ ಹೊರಗೆ ಬಂದ. ನಂತರ ಒಂದು ಲೋಟ ಕಾಫಿ ಮಾಡಿಕೊಂಡು ಕುಡಿದ. ನಾಳೆ ಫೋನ್ ಬರುತ್ತದೆ ಎಂಬುದನ್ನು ಬಿಟ್ಟರೆ ಅವನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಫೋನ್ ಬಂತು. ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗಲೇ ಬಂತು.

"ವೆಂಕಟಗಿರಿ ಸಾರ್, ನನ್ ಫೈಲ್ ಒಂದೂ ಕಾಣಿಸ್ತಿಲ್ಲ! ಏನೇನೋ ಇಂಗ್ಲಿಷಲ್ಲಿ ಬರ್ತಾ ಇದೆ" ಎಂದಳು ಜಲಜಾ. ಅವನು ಬಾಯಿ ತೊಳೆಯದೆಯೇ ಮಾತಾಡಿದ. ಮಗಳು ಹೇಗಿದ್ದಾಳೆಂದು ಕೇಳಿದ. "ಸಾರ್, ಮೊದ್ಲು ಫೈಲ್ ನೋಡಿ ಸಾರ್" ಎಂದಳು ಅವಳು. ಪರವಾಗಿಲ್ಲ, ಗಾಬರಿಯಾಗಿದ್ದಾಳೆ. ಅವಳಾದ ಮೇಲೆ ಕರಡು ತಿದ್ದುವವರು ಮಾಡಿದರು, ಚಿತ್ರ ಬರೆಯುವವರು ಮಾಡಿದರು. ಪ್ರತಿಯೊಬ್ಬರಿಗೂ ಅವನು, "ಗಾಬರಿ ಆಗ್ಬೇಡಿ, ನಾನಿದೀನಿ" ಎಂದ. ಹಾಗೆನ್ನುವಾಗ ಎದೆ ತುಂಬಿ ಬರುತ್ತಿತ್ತು.

ದೀಪ್ತಿಯೂ ಮಾಡಿದಳು. ಅವಳ ದನಿ ಗುರುತು ಸಿಗಲಿಲ್ಲ.

"ಸಾರ್, ನನ್ ಹೆಸರಲ್ಲಿ ಅಪ್‌ಡೇಟ್ ಆಗಿದೆ ಅಂತ ತೋರಿಸ್ತಿದೆ. ನಾನ್ ಏನೂ ಮಾಡಿಲ್ಲ ಸಾರ್. ನಾನ್ ಮಲಗಿದ್ದೆ ಅವತ್ತು. ಬ್ಯಾಕಪ್ಪೂ ಹೋಗಿದೆ ಸಾರ್. ಮೇಡಂಗೆ ಏನಂತ ಹೇಳ್ಲಿ?"

"ನೀನೇನೂ ಹೇಳ್ಬೇಡ. ನಾನ್ ಬರ್ತೀನಿ" ಎಂದ ವೆಂಕಟಗಿರಿ. ಫೋನಿಟ್ಟ ಮೇಲೆ ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡ. ಅವಳು ತನ್ನನ್ನೇ ಮೊದಲು ನಂಬಿ ಕರೆದಳಲ್ಲ ಎನಿಸಿತು. ಆದರೂ ಹಿಂದೆ ಸರಿಯುವ ಯೋಚನೆ ಬರಲಿಲ್ಲ. ಅವನ ಫೋನ್ ಇನ್ನೂ ರಿಂಗಾಗುತ್ತಲೇ ಇತ್ತು.

ಬಸವೇಶ್ವರನಗರ ತಲುಪಿದಾಗ ಹಾಲಿನಲ್ಲಿ ಎಲ್ಲರೂ ಸೇರಿದ್ದರು. ಜಲಜಾ ಕೂಡ ಮಾರೇನಹಳ್ಳಿಯಿಂದ ಆಟೋ ಹಿಡಿದು ಬಂದಿದ್ದಳು. ಇಷ್ಟು ವರ್ಷ ಬರೀ ದನಿಯಾಗಿದ್ದವಳು ನೋಡಲು ಕುಳ್ಳಗೆ, ಕನ್ನಡಕ ಹಾಕಿಕೊಂಡಿದ್ದಳು. ದೀಪ್ತಿ ಮೂಲೆಯ ಕುರ್ಚಿಯಲ್ಲಿ ಕಣ್ಣು ಊದಿಸಿಕೊಂಡು ಕೂತಿದ್ದಳು. ಯಾರೂ ಅವಳ ಪಕ್ಕದಲ್ಲಿ ಕೂತಿರಲಿಲ್ಲ.

ಮೇಡಂ ಅವನಿಗೆ ಬನ್ನಿ ಎಂದು ಕೂಡ ಹೇಳದೆ ಕೈ ಹಿಡಿದುಕೊಂಡರು. "ಹೋಯ್ತಾ ಎಲ್ಲಾ? ಹತ್ತನೇ ಕ್ಲಾಸಿಂದು ಮುಂದಿನ ವಾರ ಪ್ರೆಸ್ಸಿಗೆ ಹೋಗ್ಬೇಕಿತ್ತು."

ವೆಂಕಟಗಿರಿ ಚೀಲದಿಂದ ಡಿಸ್ಕನ್ನು ತೆಗೆದು ಮೇಜಿನ ಮೇಲಿಟ್ಟ. "ಹಳೇ ಚಾಳಿ ಮೇಡಂ. ರಜೆಗೆ ಮುಂಚೆ ಒಂದು ಕಾಪಿ ಮನೇಲಿ ಇಟ್ಕೋತೀನಿ."

ಹಾಲಿನಲ್ಲೇ ಕೂತು, ಗೋಡೆಗೆ ಬಂದಿದ್ದ ಕೇಬಲನ್ನು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿಕೊಂಡು ಅವನು ಕೆಲಸ ಶುರು ಮಾಡಿದ. ಮೆಟ್ಟಿಲ ಕೆಳಗಿನ ಕೋಣೆಗೆ ಹೋಗುವ ಅಗತ್ಯವೂ ಬೀಳಲಿಲ್ಲ. ಈ ಸಲ ಎಲ್ಲವನ್ನೂ ಶಾಸ್ತ್ರೋಕ್ತವಾಗಿ ಮಾಡಿದ. ಬಾಗಿಲು ಮುಚ್ಚಿದ, ಹಳೆಯ ಆವೃತ್ತಿಯನ್ನು ಮರಳಿ ಕೂರಿಸಿದ, ದತ್ತಾಂಶ ತುಂಬಿದ, ಒಂದೊಂದೇ ಫೋಲ್ಡರ್ ತೆರೆದು ನೋಡಿದ. ಹಿಂದೆ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದರು. ಊಟದ ಹೊತ್ತಿಗೆ ಜಲಜಾಳ ಪ್ರಬಂಧಗಳು ಪರದೆಯ ಮೇಲೆ ಬಂದವು. ಅವಳು, "ಬಂತು! ಬಂತು ಕಣ್ರೀ!" ಎಂದು ಚಪ್ಪಾಳೆ ತಟ್ಟಿದಳು. ಯಾರೋ ಅವನಿಗೆ ಒಬ್ಬಟ್ಟು ತಂದುಕೊಟ್ಟರು. ಯಾರೋ ಫ್ಯಾನನ್ನು ಅವನ ಕಡೆ ತಿರುಗಿಸಿದರು. ಬದುಕಿನಲ್ಲಿ ಇಷ್ಟು ಜನ ಒಟ್ಟಿಗೆ ಅವನನ್ನು ಹೀಗೆ ನೋಡಿದ್ದು ಅದೇ ಮೊದಲು.

"ನೀವು ಎಲ್ಲಿಗೂ ಹೋಗ್ಬೇಡಿ ವೆಂಕಟಗಿರಿಯವರೇ" ಎಂದರು ಮೇಡಂ. "ದೀಪಾವಳಿ ಗೀಪಾವಳಿ ಏನೂ ಇಲ್ಲ. ಇದು ನಿಮ್ದೇ ಮನೆ." ಆಮೇಲೆ ಮೂಲೆಯ ಕಡೆ ತಿರುಗಿದರು. ದನಿ ಗಡುಸಾಯಿತು. "ದೀಪ್ತಿ, ತಪ್ಪಾದ್ರೆ ತಪ್ಪು ಅಂತ ಒಪ್ಕೋಬೇಕಮ್ಮ. ಸುಳ್ಳು ಹೇಳಿದ್ರೆ ಇಟ್ಕೊಳೋದು ಹೇಗೆ?"

"ಮೇಡಂ, ದೇವರಾಣೆಗೂ ನಾನಲ್ಲ."

"ಬಯ್ಯಬೇಡಿ ಮೇಡಂ, ಚಿಕ್ಕ ಹುಡುಗಿ" ಎಂದ ವೆಂಕಟಗಿರಿ. ಉದಾರವಾಗಿರುವುದು ಈಗ ಅವನಿಗೆ ಸುಲಭವಾಗಿತ್ತು. "ಹಬ್ಬದ ರಜೇಲಿ ಯಾರಿಗೂ ತೊಂದ್ರೆ ಆಗ್ದೇ ಇರ್ಲಿ ಅಂತ ಒಳ್ಳೇ ಮನಸ್ಸಿಂದಾನೇ ಮಾಡಿದಾಳೆ. ಅವಸರ ಆಯ್ತು, ಅಷ್ಟೆ. ನೋಡಿ, ದಾಖಲೆ ನೀವೇ ನೋಡಿ." ಕೆಟ್ಟ ಸರ್ವರಿನಿಂದ ಎತ್ತಿಟ್ಟುಕೊಂಡಿದ್ದ ದಾಖಲೆಯನ್ನು ತೆರೆದು, ದೀಪ್ತಿಯ ಹೆಸರಿದ್ದ ಸಾಲಿನ ಮೇಲೆ ಬೆರಳಿಟ್ಟ. ಪಕ್ಕದಲ್ಲಿ ನವಮಿಯ ತಾರೀಕಿತ್ತು, ಮಧ್ಯಾಹ್ನದ ಹೊತ್ತಿತ್ತು.

ಮೇಡಂ ಕನ್ನಡಕ ಏರಿಸಿಕೊಂಡು ಬಗ್ಗಿ, ಪಾಠದ ಪುಸ್ತಕ ಓದುವಂತೆ ಆ ಸಾಲನ್ನು ಎರಡು ಸಲ ಓದಿದರು. "ನವಮಿ ಮಧ್ಯಾಹ್ನಾನಾ? ಅದು ಹೇಗಾಗತ್ತೆ?" ಎಂದರು. ಅವರ ದನಿಯಲ್ಲಿ ಅನುಮಾನವಿರಲಿಲ್ಲ, ಆಶ್ಚರ್ಯವಷ್ಟೇ ಇತ್ತು. "ನವಮಿ ಬೆಳಿಗ್ಗೆ ನಾನೇ ಅದನ್ನ ಆಫ್ ಮಾಡಿ, ವೈರು ಕಿತ್ತು, ಕುಂಕುಮ ಹಚ್ಚಿ ಪೂಜೆಗೆ ಇಟ್ಟಿದ್ನಲ್ಲ. ನಮ್ಮ ಪುಸ್ತಕ ಎಲ್ಲಾ ಇರೋದು ಅದರೊಳಗೇ ಅಲ್ವಾ, ಪೂಜೆಗಿಟ್ಟ ಪುಸ್ತಕಾನ ಆ ದಿನ ಯಾರೂ ತೆಗೀಬಾರ್ದು. ದಶಮಿ ಬೆಳಿಗ್ಗೆ ಮಂಗಳಾರತಿ ಮಾಡಿದ್ಮೇಲೇ ಆನ್ ಮಾಡಿದ್ದು. ಪ್ರತಿ ವರ್ಷ ಹಾಗೇ ಮಾಡೋದು ವೆಂಕಟಗಿರಿಯವರೇ, ನಿಮ್ಮ ಹೆಸರು ಹೇಳ್ಕೊಂಡೇ ಅಕ್ಷತೆ ಹಾಕ್ತೀನಿ. ನೀವು ಒಂದ್ ಸಲಾನಾದ್ರೂ ಹಬ್ಬಕ್ಕೆ ಬಂದಿದ್ರೆ ನೋಡಿರ್ತಿದ್ರಿ." ಫೋನಿನಲ್ಲಿ ತೆಗೆದ ಫೋಟೋವನ್ನೂ ಅವರು ಮುಂದೆ ಹಿಡಿದರು: ಚೆಂಡುಹೂವು ಮುಡಿದು, ಮೈಮೇಲಿನ ಒಂದು ಪುಟ್ಟ ಲೈಟೂ ಉರಿಯದೆ, ವೈರನ್ನು ತಲೆಯ ಮೇಲೆ ಸುತ್ತಿಸಿಕೊಂಡು ಸರ್ವರ್ ಕೂತಿತ್ತು. ಯಂತ್ರ ನಿಂತಿದ್ದ ದಿನದ ತಾರೀಕಿನಲ್ಲಿ ಅದರ ಕೈಯಿಂದಲೇ ಹಾಗೊಂದು ಸಾಲು ಬರೆಸಬಲ್ಲವರು ಆ ಹಾಲಿನಲ್ಲಿ ಇಬ್ಬರೇ ಇದ್ದರು. ಅವರಲ್ಲಿ ಒಬ್ಬಳು ಆಗಲೇ ತಲೆಯೆತ್ತಿ ಇನ್ನೊಬ್ಬನ ಮುಖವನ್ನೇ ನೋಡುತ್ತಿದ್ದಳು.